ಯಾವ ಬಿಜಲಿ?

ಮೇ 2, ಶುಕ್ರವಾರ

ಮಗಳು ಬುಷರಾ ಕಳೆದ ವರ್ಷ ಬಿಟ್ಟ ಕೆಮಿಸ್ಟ್ರಿ ನೋಟ್‌ಬುಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಇವೆ. ಹೆದರಿಕೆಯನ್ನು ಬರೆದಿಟ್ಟರೆ ಹಗುರವಾಗುತ್ತದೆ ಅಂತ ಅವಳೇ ಕೊಟ್ಟಳು. ಕನ್ನಡದಲ್ಲಿ ಬರೆಯುತ್ತೇನೆ. ಈ ಮನೆಯಲ್ಲಿ ಕನ್ನಡ ಓದಲು ಬರುವುದು ನನಗೊಬ್ಬಳಿಗೇ, ಆದ್ದರಿಂದ ಬೀಗದ ಖರ್ಚಿಲ್ಲ.

ನಿನ್ನೆ ಸಂಜೆ ಗುಡುಗಿತು. ನಾನು ರೊಟ್ಟಿ ಹಂಚನ್ನು ಒಲೆಯ ಮೇಲೇ ಬಿಟ್ಟು, ಕಿವಿಗೆ ಹತ್ತಿ ತುರುಕಿಕೊಂಡು, ಮಂಚದ ಕೆಳಗೆ ಅಕ್ಕಿ ಡಬ್ಬಿಯ ಪಕ್ಕ ತೂರಿಕೊಂಡೆ. ನಲವತ್ತು ದಾಟಿದ ಹೆಂಗಸು! ಬುಷರಾ ಕ್ಲಾಸಿನಿಂದ ಬಂದು, ಒಲೆ ಆರಿಸಿ, ಬಗ್ಗಿ ನೋಡಿ, "ಅಮ್ಮಿ, ಬಾಹರ್ ಬಾ, ಹೋಯ್ತು" ಅಂದಳು. ನಗಲಿಲ್ಲ. ನಕ್ಕಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಚಿಕ್ಕವಳಿದ್ದಾಗ ಇಂಡಿ ಕಡೆಯ ನಮ್ಮ ಹೊಲದಲ್ಲಿ ಬೇವಿನ ಮರಕ್ಕೆ ಕಟ್ಟಿದ್ದ ಜೋಡೆತ್ತು ಸಿಡಿಲಿಗೆ ಸತ್ತಿದ್ದವು. ಮೈಮೇಲೆ ಒಂದು ಗಾಯವಿಲ್ಲ, ಬಾಯಲ್ಲಿ ಇನ್ನೂ ಜೋಳದ ಕಣಿಕೆ ಇತ್ತು. ಅವತ್ತಿನಿಂದ ಗುಡುಗು ಅಂದರೆ ನನ್ನ ಕೈಕಾಲು ನನ್ನ ಮಾತು ಕೇಳುವುದಿಲ್ಲ.

ಆದರೆ ನಿನ್ನೆಯ ಹೆದರಿಕೆ ನನ್ನ ಬಗ್ಗೆ ಅಲ್ಲ. ಆ ಹೊತ್ತಿಗೆ ಇವರು ಮುಂಬಯಿಯ ಮುಲುಂಡಿನ ಹೈವೇ ಪಕ್ಕ, ಐದಾರು ಮಹಡಿಯಷ್ಟು ಎತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ನಿಂತು ಫ್ಲೆಕ್ಸ್ ಕಟ್ಟುತ್ತಿದ್ದರು. ಇವರ ಕೆಲಸವೇ ಅದು: ದೊಡ್ಡ ಹೋರ್ಡಿಂಗ್‌ಗಳಿಗೆ ಹಳೇ ಜಾಹೀರಾತು ಬಿಚ್ಚಿ ಹೊಸದು ಬಿಗಿಯುವುದು. ಗುಡುಗು ಮಿಂಚು ಹುಡುಕಿಕೊಂಡು ಬರುವ ಜಾಗವನ್ನೇ ಹುಡುಕಿ ಇವರು ಹತ್ತುತ್ತಾರೆ. ಹಿಂದೆ ಒಂದು ಮೇ ತಿಂಗಳಲ್ಲಿ ಈ ಊರಲ್ಲೇ ಗಾಳಿಗೆ ಹೋರ್ಡಿಂಗ್ ಬಿದ್ದು ಎಷ್ಟೋ ಜನ ಸತ್ತರು. ಅದನ್ನು ಟಿವಿಯಲ್ಲಿ ನೋಡುತ್ತ ಇವರು ತಟ್ಟೆಯ ಮುಂದೆ ಕೂತಿದ್ದರು, ತುತ್ತು ಎತ್ತಲಿಲ್ಲ. ಮರುದಿನ ಎದ್ದು ಕೆಲಸಕ್ಕೆ ಹೋದರು.

ನಿನ್ನೆ ಬಂದ ಮೇಲೆ ಕೇಳಿದೆ. "ಗುಡುಗಿದಾಗ ಇಳಿದ್ರೇನ್ರಿ?"

"ಗುಡುಗಿತ್ತೇನು? ಗಾಡಿ ಸಪ್ಪಳದಾಗ ಕೇಳಲೇ ಇಲ್ಲ" ಅಂದರು. ಸುಳ್ಳು.

ಮೇ 4, ರವಿವಾರ

ಪ್ರೀತಮ್ ಬಂದಿದ್ದ. ಇವರ ಗ್ಯಾಂಗಿನವನು, ಗೋರಖಪುರದ ಕಡೆಯ ಹುಡುಗ, ಮಾತು ಜಾಸ್ತಿ, ಮನಸ್ಸು ಒಳ್ಳೆಯದು. ಇವರೂ ಇನ್ನಿಬ್ಬರೂ ಮೇಲೆ ಹತ್ತಿದರೆ ಅವನು ಕೆಳಗೆ ನಿಂತು ಹಗ್ಗ ಹಿಡಿಯುತ್ತಾನೆ, ಎಲ್ಲರ ಫೋನೂ ಅವನ ಚೀಲದಲ್ಲಿರುತ್ತವೆ. ಮೇಲಿಂದ ಫೋನ್ ಜಾರಿ ಬಿದ್ದು ಯಾರದೋ ತಲೆ ಒಡೆದೀತು ಅಂತ ಆ ನಿಯಮ. ಹೋರ್ಡಿಂಗ್ ಲೈಟಿನ ಮೇನ್ ಸ್ವಿಚ್ ಬಂದ್ ಮಾಡಿ ಕಾಯುವುದೂ ಅವನದೇ ಕೆಲಸ.

ಚಹಾ ಕೊಡುವಷ್ಟರಲ್ಲಿ ಫ್ಯಾನ್ ನಿಂತಿತು. ಪ್ರೀತಮ್ ಮೇಲೆ ನೋಡಿ, "ಲೋ, ಬಿಜಲಿ ಗಯೀ" ಅಂದ. ನಾನು ಕಪ್ಪು ಬಸಿ ಎರಡನ್ನೂ ಅವನ ಕಾಲ ಮೇಲೆ ಬಿಟ್ಟೆ.

ನಮ್ಮ ದಖ್ಖನಿಯಲ್ಲಿ ಬಿಜಲಿ ಅಂದರೆ ಆಕಾಶದ್ದು. ಮನೆಯದು ಕರೆಂಟು. ಈ ಮುಂಬಯಿಯಲ್ಲಿ ಅದನ್ನೂ ಲೈಟ್ ಅಂತಾರೆ. ಪ್ರೀತಮ್‌ಗೆ ಮಾತ್ರ ತಂತಿಯಲ್ಲಿ ಹರಿಯುವುದೂ ಬಿಜಲಿ, ಮೋಡದಿಂದ ಬೀಳುವುದೂ ಬಿಜಲಿ. ಅದರಲ್ಲೂ ಅವನ ಬಾಯಲ್ಲಿ ಹತ್ತಕ್ಕೆ ಒಂಬತ್ತು ಸಲ ತಂತಿಯದೇ. ಬುಷರಾ ಬಿದ್ದು ಬಿದ್ದು ನಕ್ಕಳು. ಪ್ರೀತಮ್ ಕಾಲಿಗೆ ನೀರು ಹಾಕಿಕೊಳ್ಳುತ್ತ, "ಭಾಭೀ, ಕೌನ್ ಸೀ ಬಿಜಲಿ ಸಮಝೀಂ?" ಯಾವ ಬಿಜಲಿ ಅಂದುಕೊಂಡಿರಿ ಅಂತ ಕೇಳಿದ. ಅವನ ಕಾಲು ಕೆಂಪಾಗಿತ್ತು, ಪಾಪ.

ಅವನ ನಂಬರ್ ತೆಗೆದುಕೊಂಡೆ. ಇವರಿಗೆ ಮೇಲಿರುವಾಗ ಏನಾದರೂ ಹೇಳಬೇಕೆಂದರೆ ಇನ್ನು ಅವನೊಬ್ಬನೇ ದಾರಿ.

ಮೇ 6, ಮಂಗಳವಾರ

ಬುಷರಾ ನನ್ನ ಫೋನಿನಲ್ಲಿ ಹವಾಮಾನದ ಆ್ಯಪ್ ಹಾಕಿಕೊಟ್ಟಿದ್ದಾಳೆ. ಹವಾಮಾನ ಖಾತೆಯ ಎಚ್ಚರಿಕೆಗಳೂ ಬರುತ್ತವೆ. ಹಸಿರು ಅಂದರೆ ಏನಿಲ್ಲ, ಹಳದಿ ಅಂದರೆ ಗಮನವಿರಲಿ, ಆರೇಂಜ್ ಅಂದರೆ ತಯಾರಾಗಿರಿ. ಕೆಂಪಿನ ಬಗ್ಗೆ ನಾನು ಕೇಳಲೇ ಇಲ್ಲ.

ಇವತ್ತು ಹಳದಿ. "ಮುಂದಿನ ಮೂರು ತಾಸಿನಲ್ಲಿ ಗುಡುಗು ಮಿಂಚು, ಜೋರು ಗಾಳಿಯ ಸಾಧ್ಯತೆ." ಓದಿದ್ದೇ ಪ್ರೀತಮ್‌ಗೆ ಫೋನ್ ಮಾಡಿದೆ. ತೂಫಾನ್ ಬರುತ್ತದೆ, ಎಲ್ಲರನ್ನೂ ಇಳಿಸು ಅಂದೆ. ಇಳಿಸಿದ. ನಾಲ್ಕೂ ಜನ ಟೆಂಪೋದಲ್ಲಿ ಕೂತು ಬಿಸಿಲು ನೋಡಿದರಂತೆ. ಒಂದು ಎಲೆ ಅಲುಗಲಿಲ್ಲ.

ರಾತ್ರಿ ಉಣ್ಣುವಾಗ ಇವರು, "ಏನ್ ಆಕಾಶವಾಣಿ ಬಾಯಿ, ನಾಳೀಗಿ ಏನೈತಿ? ಭೂಕಂಪ?" ಅಂದರು. ನಾನೂ ನಕ್ಕೆ. ಬದುಕಿ ಮನೆಗೆ ಬಂದು ಉಣ್ಣುತ್ತಿದ್ದಾರಲ್ಲ, ನಗಲಿ.

ಮೇ 8, ಗುರುವಾರ

ಮತ್ತೆ ಹಳದಿ. ಮತ್ತೆ ಫೋನು. ಮತ್ತೆ ಇಳಿದರು. ಮತ್ತೆ ಬಿಸಿಲು.

ಮೇ 10, ಶನಿವಾರ

ನಿನ್ನೆಯೂ ಮಾಡಿದೆ. ಇವತ್ತು ಕೆಲಸ ಕೊಡುವ ಸೇಠ್ ಸೈಟಿಗೇ ಬಂದನಂತೆ. ಎಲ್ಲರ ಮುಂದೆ ಇವರಿಗೆ, "ಚಮನಸಾಬ, ಜೋರು ಕೀ ಘಡಿಯಿಂದ ಕೆಲಸ ನಡೆಯುವುದಿಲ್ಲ. ಇನ್ನೊಮ್ಮೆ ಮೋಡದ ನೆಪ ಹೇಳಿ ಇಳಿದರೆ ಬೇರೆ ಗ್ಯಾಂಗ್ ಬರುತ್ತದೆ" ಅಂದನಂತೆ. ಹೆಂಡತಿಯ ಗಡಿಯಾರ! ಹದಿನೆಂಟು ವರ್ಷದಿಂದ ಈ ಕೆಲಸ ಮಾಡಿದವರಿಗೆ ಹಾಗೆ ಅನ್ನಿಸಿದೆನಲ್ಲ ಅಂತ ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಇವರು ಕೂಗಾಡಲಿಲ್ಲ. "ಇನ್ನ ಫೋನ್ ಮಾಡಬ್ಯಾಡ ಹಲೀಮಾ. ನೀ ಮಾಡಿದ್ರೂ ನಾ ಇಳಿಯಾಂವ ಅಲ್ಲ" ಅಂದರು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು.

ಬುಷರಾಳನ್ನು ಕೇಳಿದೆ. ಆ್ಯಪಿನಲ್ಲಿ ನಲವತ್ತು ಪರ್ಸೆಂಟ್ ಅಂತ ತೋರಿಸುತ್ತದಲ್ಲ, ಹಾಗಂದರೆ ಏನು? ಮುಂಬಯಿಯ ನಲವತ್ತು ಭಾಗದಲ್ಲಿ ಮಳೆಯೇ?

"ನಹೀಂ ಅಮ್ಮಿ. ಮತ್ಲಬ್... ಇಂಥಾ ದಿನ ಹತ್ತು ಬಂದ್ರೆ, ನಾಲ್ಕು ದಿನ ಆಗ್ತದೆ. ಆರು ದಿನ ಆಗಲ್ಲ."

ಆಚೆ ಮಲಗಿದ್ದ ಇವರು ಕಣ್ಣು ತೆರೆಯದೇ ಕೇಳಿದರು. "ಆ ನಾಲ್ಕು ಯಾವವು?"

ಬುಷರಾ ಮತ್ತೆ ಆ್ಯಪ್ ತೆರೆದು ನೋಡಿದಳು. ಅದು ಹವಾಮಾನ ಖಾತೆಯವರಿಗೂ ಗೊತ್ತಿಲ್ಲವೆಂದು ಕಾಣುತ್ತದೆ, ಗೊತ್ತಿದ್ದರೆ ಹೇಳುತ್ತಿದ್ದರು. ಅಲ್ಲಿಯೂ ಯಾರೋ ನನ್ನ ಹಾಗೆ ಕೂತು, ಹೇಳಲೋ ಬೇಡವೋ ಅಂತ ಒದ್ದಾಡುತ್ತಿರಬಹುದು. ಸುಮ್ಮನಿದ್ದರೆ ಜನ ಸಾಯುತ್ತಾರೆ, ಹೇಳಿದರೆ ನಗುತ್ತಾರೆ.

ಮೇ 12, ಸೋಮವಾರ

ಹಸಿರು. ಆಕಾಶ ನೀಲಿ. ಇದನ್ನೂ ನಂಬುವುದು ಬಿಟ್ಟಿದ್ದೇನೆ.

ಮೇ 15, ಗುರುವಾರ

ನನ್ನ ತಂಗಿ ಶಬ್ರೀನ ಇಲ್ಲಿಂದ ಪೂರ್ವಕ್ಕೆ, ಘಟ್ಟದ ಕಡೆಯ ಬದಲಾಪುರದಲ್ಲಿ ಇರುತ್ತಾಳೆ. ಇವತ್ತು ಮಧ್ಯಾಹ್ನ ಮಾತಾಡುತ್ತಿದ್ದವಳು ಒಮ್ಮೆಲೇ, "ಆಪಾ, ಇಡತೀನಿ, ಇಲ್ಲಿ ಗುಡುಗಾಕ ಹತ್ತೈತಿ, ಅರಬಿ ತಗೀಬೇಕು" ಅಂತ ಫೋನಿಟ್ಟಳು. ನಾನು ಸಯನ್ನಿನ ಕನ್ನಡದ ಮನೆಗಳಿಗೆ ಕೊಡುವ ಜೋಳದ ರೊಟ್ಟಿಗೆ ಹಿಟ್ಟು ನಾದಿ ತಟ್ಟಲು ಕೂತಿದ್ದೆ. ಒಂದು ಪರಾತಿನ ಹಿಟ್ಟು ಮುಗಿದು ಎರಡನೆಯದಕ್ಕೆ ಕೈ ಹಾಕಿದೆ, ನಮ್ಮಲ್ಲಿ ಗುಡುಗಿತು.

ಇವರಿಗೆ ಇವತ್ತು ರಜೆ, ಮನೆಯಲ್ಲೇ ಇದ್ದರು, ಹಾಗಾಗಿ ತಲೆ ಸರಿಯಾಗಿ ಓಡಿತು. ಈ ತಿಂಗಳ ಒಂದನೇ ತಾರೀಖಿಗೆ ಬಂದದ್ದೂ ಬದಲಾಪುರದಲ್ಲಿ ಮೊದಲು, ಆಮೇಲೆ ಇಲ್ಲಿ. ಬುಷರಾ ಫೋನಿನಲ್ಲಿ ನೋಡಿ ಹೇಳಿದಳು: ಮಳೆಗಾಲದ ಮೋಡ ಸಮುದ್ರದಿಂದ ಬರುತ್ತದೆ, ಮೇ ತಿಂಗಳ ಗುಡುಗಿನ ಮೋಡ ಮಾತ್ರ ಘಟ್ಟದ ಕಡೆ ಹುಟ್ಟಿ ಇತ್ತ ಬರುತ್ತದೆ. ಅಂದರೆ ಮೊದಲು ಬದಲಾಪುರ, ಆಮೇಲೆ ಠಾಣೆ, ಮುಲುಂಡ್, ಕೊನೆಗೆ ನಾವು. ಸೆಂಟ್ರಲ್ ಲೈನಿನ ಲೋಕಲ್ ಹಾಗೆ ಸ್ಟೇಶನ್ ಹಿಡಿದುಕೊಂಡೇ ಬರುತ್ತದೆ.

ಸರಿಯೇ ಅಂತ ನೋಡಲು ಟೆರೇಸಿಗೆ ಹೋದೆ. ಪೂರ್ವದಲ್ಲಿ ಕಪ್ಪು, ಪಶ್ಚಿಮದಲ್ಲಿ ಚಂದದ ಬಿಸಿಲು. ಇವರು ಕೆಳಗಿನಿಂದ, "ಹಲೀಮಾ, ಎಲ್ಲಿ ಅದೀ?" ಅಂತ ಕೂಗಿದ ಮೇಲೆ ಇಳಿದೆ.

ಶಬ್ರೀನಗೆ ಹೇಳಿದ್ದೇನೆ. ಗುಡುಗಿದರೆ ಮೊದಲು ನನಗೆ ಫೋನ್, ಆಮೇಲೆ ಅರಿವೆ.

ಮೇ 19, ಸೋಮವಾರ

ಆರೇಂಜ್. ನಾಳೆಗೆ. ಆ್ಯಪಿನಲ್ಲಿ ಎಪ್ಪತ್ತು ಪರ್ಸೆಂಟ್.

ನಾಳೆ ಇವರಿಗೆ ಮುಲುಂಡಿನ ಅದೇ ದೊಡ್ಡ ಹೋರ್ಡಿಂಗ್. ಪ್ರೆಶರ್ ಕುಕ್ಕರಿನ ಜಾಹೀರಾತು, ಸಂಜೆಯೊಳಗೆ ಏರಿಸಲೇಬೇಕಂತೆ.

"ಹತ್ತರಾಗ ಏಳ್ರಿ. ಇದು ಬ್ಯಾರೆ" ಅಂದೆ.

"ಏಳು ಯಾವವು?" ಅಂದರು. ಅದೇ ಮಾತು.

ಕೈ ಮುಗಿದೆ. ಬುಷರಾ ಎದುರಿಗೇ ಅತ್ತೆ. ಇವರು ಗೋಡೆಯ ಕಡೆ ತಿರುಗಿ, "ನಾ ಹೋಗಲಿಲ್ಲಂದ್ರ ಇನ್ನೊಬ್ಬ ಹೋಗತಾನ. ಅವನ ಹೇಂತಿಗೆ ಆ್ಯಪ್ ಇಲ್ಲ, ಅಷ್ಟ" ಅಂದರು.

ನಾನು ಏನು ಬರೆದರೂ ಹಗುರವಾಗುತ್ತಿಲ್ಲ.

ಮೇ 20, ಮಂಗಳವಾರ

ಬೆಳಿಗ್ಗೆ ಹೋದರು. ಬೂಟು ಹಾಕುವಾಗ ಹೆಗಲು ಮುಟ್ಟಿದೆ.

ಊಟದ ಹೊತ್ತು. ಬಿಸಿಲು. ಗಾಳಿ ಪೂರಾ ನಿಂತಿದೆ. ಪರಾತಿನಲ್ಲಿ ಹಿಟ್ಟು ಹಾಗೇ ಇದೆ.

ಶಬ್ರೀನ ಫೋನ್ ಮಾಡಿದಳು. ಮಾತು ಕೇಳಿಸುತ್ತಿಲ್ಲ, ಅಷ್ಟು ಸದ್ದು. "ಆಪಾ! ಮನಿ ಮ್ಯಾಲಿನ ತಗಡಿನ ಪತ್ರಾ ಹಾರಿ ಹೋದ್ವು! ಎದುರಿನ ಗಿಡಕ್ಕ ಸಿಡಲ ಬಿತ್ತು!" ಪ್ರೀತಮ್‌ಗೆ ಹಚ್ಚಿದೆ. ರಿಂಗಾಗುತ್ತದೆ, ಎತ್ತುತ್ತಿಲ್ಲ. ಮತ್ತೆ, ಮತ್ತೆ. ನನ್ನ ನಂಬರ್ ನೋಡಿಯೇ ಎತ್ತುತ್ತಿಲ್ಲ. ಕೊನೆಗೆ ಮಾತನ್ನೇ ರೆಕಾರ್ಡ್ ಮಾಡಿ ಕಳಿಸಿದೆ: "ಪ್ರೀತಮ್ ಭಾಯ್, ಬಿಜಲಿ ಆ ರಹೀ ಹೈ, ಸಬ್ ಕೋ ನೀಚೆ ಉತಾರೋ, ಜಲ್ದಿ ಉತಾರೋ." ಬಿಜಲಿ ಬರುತ್ತಿದೆ, ಎಲ್ಲರನ್ನೂ ಬೇಗ ಇಳಿಸು ಅಂತ. ಟಿಕ್ ನೀಲಿಯಾಯಿತು. ಉತ್ತರವಿಲ್ಲ.

ಬುಷರಾ ಮನೆಗೆ ಬಂದಳು. ನಾವಿಬ್ಬರೂ ಫೋನ್ ನಡುವೆ ಇಟ್ಟುಕೊಂಡು ಕೂತಿದ್ದೇವೆ. ಠಾಣೆ ಕತ್ತಲಾಗಿದೆ ಅಂತ ಯಾರೋ ವಿಡಿಯೋ ಹಾಕಿದ್ದಾರೆ.

ಬಂತು. ಬರೆಯಲು ಆಗುತ್ತಿಲ್ಲ.

ರಾತ್ರಿ. ಬಂದಿದ್ದಾರೆ. ಬಂದಿದ್ದಾರೆ. ಅಲ್‌ಹಮ್ದುಲಿಲ್ಲಾಹ್.

ಬಿರುಗಾಳಿ ಹೊಡೆದ ಹೊತ್ತು ಕರೆಂಟು ಹೋಯಿತು, ಲೋಕಲ್ ನಿಂತವು, ಇವರ ಫೋನು ಪ್ರೀತಮನ ಫೋನು ಎರಡೂ ಬಂದ್. ಮನೆಯೊಳಗೆ ನೆಟ್‌ವರ್ಕ್ ಬರುತ್ತಿರಲಿಲ್ಲ, ಗ್ಯಾಲರಿಯಲ್ಲಿ ಒಂದು ಕಡ್ಡಿ ತೋರಿಸುತ್ತಿತ್ತು, ಅದಕ್ಕೇ ಅಲ್ಲೇ ನಿಂತು ಹಚ್ಚುತ್ತಲೇ ಇದ್ದೆ. ಮೇಲೆ ಏನು ಗುಡುಗಿತೋ ಏನು ಮಿಂಚಿತೋ ಒಂದೂ ನೆನಪಿಲ್ಲ. "ನೀವು ಕರೆ ಮಾಡಿದ ಚಂದಾದಾರರು" ಅನ್ನುವ ಹೆಂಗಸಿನ ದನಿಯೊಂದೇ ನೆನಪಿದೆ. ಬುಷರಾ ಹಿಂದಿನಿಂದ ನನ್ನ ಓಢಣಿ ಹಿಡಿದು ಎಳೆಯುತ್ತ, "ಅಮ್ಮಿ, ಅಂದರ್ ಬಾ, ಪ್ಲೀಸ್" ಅಂತ ಅಳುತ್ತಿದ್ದಳು. ಇಬ್ಬರು ವಿಧವೆಯರು ಗೊತ್ತು ನನಗೆ, ಹೋರ್ಡಿಂಗಿನಿಂದಲೇ ಆದವರು. ಅವರ ಮುಖವೇ ಕಣ್ಣಿಗೆ ಬರುತ್ತಿತ್ತು. ಮೂರನೆಯದು ನನ್ನದು.

ಇವರು ಕತ್ತಲಾದ ಮೇಲೆ ಬಂದರು. ಒದ್ದೆ ಬಟ್ಟೆಯಲ್ಲೇ ಹೊಸ್ತಿಲ ಮೇಲೆ ಕೂತು, "ರೊಟ್ಟಿ ಐತೇನು?" ಅಂತ ಕೇಳಿದರು. ರೊಟ್ಟಿ ಮಾಡಿರಲಿಲ್ಲ. ನಾನು ಕೆನ್ನೆಗೆ ಒಂದು ಏಟು ಕೊಟ್ಟೆ. ಮದುವೆಯಾದಾಗಿನಿಂದ ಕೈ ಎತ್ತಿದವಳಲ್ಲ. ಇವರು ಆ ಕೈಯನ್ನು ಹಿಡಿದುಕೊಂಡೇ ಕೂತರು.

ಮೇ 21, ಬುಧವಾರ

ಬುಷರಾ ಕ್ಲಾಸಿಗೆ ಹೋದ ಮೇಲೆ ಇವರು ತಾವಾಗಿಯೇ ಹೇಳಿದರು.

"ಮ್ಯಾಲಿಂದ ಠಾಣೆ ಕಡೆ ಕಾಣತಿತ್ತು ಹಲೀಮಾ. ಕರ್ರಗ ಗ್ವಾಡಿ ಕಟ್ಟಿದ್ಹಂಗ ನಿಂತಿತ್ತು. ನನಗೂ ಕಾಣತಿತ್ತು, ಉಳಿದಿಬ್ಬರಿಗೂ ಕಾಣತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ."

"ಯಾಕ್ರಿ?"

"ಮೊದಲ ಯಾರು ಇಳೀತಾರ ಅಂತ. ಇಳಿದಾಂವ ಅಂಜಬುರಕ ಆಗತಾನ, ಗ್ಯಾಂಗಿನ ಕೆಲಸಾನೂ ಹೋಗತೈತಿ. ಎಲ್ಲಾರೂ ಹಗ್ಗ ಬಿಗಿಯೂದ್ರಾಗ ಇದ್ವಿ."

ಆಗ ಕೆಳಗಿನಿಂದ ಪ್ರೀತಮ್, "ಬಿಜಲಿ ಆ ರಹೀ ಹೈ! ಉತರೋ!" ಅಂತ ಗಂಟಲು ಹರಿಯುವಂತೆ ಕೂಗಿದನಂತೆ. ಮೇಲಿದ್ದ ಇನ್ನಿಬ್ಬರೂ, ಮೇನ್ ಚಾಲೂ ಆಗುತ್ತಿದೆ, ಕಬ್ಬಿಣಕ್ಕೆ ಕರೆಂಟ್ ಹರಿಯುತ್ತದೆ ಅಂತ ತಿಳಿದರು. ಒಬ್ಬ ಇವರನ್ನು, "ಯಾರು ಚಾಲೂ ಮಾಡುತ್ತಿದ್ದಾರೆ?" ಅಂತ ಕೇಳಿದ.

"ನನಗ ಗೊತ್ತಾತು, ಇದು ನಿನ್ನ ಬಿಜಲಿ ಅಂತ. ಪ್ರೀತಮ್ ತಪ್ಪ ತಿಳಕೊಂಡಾನ ಅಂತನೂ ಗೊತ್ತಾತು. ಆದರ ನಾ, ಹೌದು, ಕರೆಂಟ್ ಕಂಪನಿಯವರು ಚಾಲೂ ಮಾಡತಾರ, ಜಲ್ದಿ ಇಳೀರಿ ಅಂದೆ. ಕರೆಂಟಿಗೆ ಇಳಿದ್ರ ಯಾರೂ ನಗೂದಿಲ್ಲ."

ಮೂವರೂ ಇಳಿದು ಟೆಂಪೋ ಹತ್ತುವಷ್ಟರಲ್ಲಿ ಗಾಳಿ ಹೊಡೆಯಿತಂತೆ. ಅರ್ಧ ಕಟ್ಟಿದ್ದ ಫ್ಲೆಕ್ಸ್ ಹಾಯಿಯಂತೆ ಉಬ್ಬಿ ಹರಿಯಿತು. ಕುಕ್ಕರ್ ಹಿಡಿದು ನಗುತ್ತಿದ್ದ ಹೆಂಗಸಿನ ಅರ್ಧ ಮುಖ ಹೈವೇ ದಾಟಿ ಹೋಯಿತು. ಇವರು ಸೇಫ್ಟಿ ಬೆಲ್ಟ್ ಸಿಗಿಸಿಕೊಂಡಿದ್ದ ಪೈಪೂ ಅದರ ಜೊತೆ ಕಿತ್ತು ಹೋಯಿತು. ಆಮೇಲೆ ಚೌಕಟ್ಟಿಗೆ ಸಿಡಿಲು ಹೊಡೆದು ಲೈಟುಗಳೆಲ್ಲ ಒಮ್ಮೆಲೇ ಸಿಡಿದವು.

ಆಮೇಲೆ ಹೇಳಿದರು.

"ನನಗೂ ಅಂಜಿಕಿ ಆಗತೈತಿ ಹಲೀಮಾ. ದಿನಾ ಆಗತೈತಿ. ನೀ ಬಾಯಿಬಿಟ್ಟ ಅಂಜತಿ, ನಾ ನಿನ್ನ ಚಾಷ್ಟಿ ಮಾಡತೀನಿ. ಅಷ್ಟ ಫರಕ."

ಇಷ್ಟು ವರ್ಷ ಈ ಮನೆಯಲ್ಲಿ ಹೆದರುಪುಕ್ಕಿ ನಾನೊಬ್ಬಳೇ ಅಂದುಕೊಂಡಿದ್ದೆ. ಸಿಟ್ಟೂ ಬಂತು, ಅಳುವೂ ಬಂತು. ರೊಟ್ಟಿ ಮಾಡಿ ಹಾಕಿದೆ.

ಮೇ 25, ರವಿವಾರ

ಪ್ರೀತಮ್ ಮಿಠಾಯಿ ತಂದಿದ್ದ. ಚಹಾ ಕೊಟ್ಟೆ, ಈ ಸಲ ಕೈಗೇ ಕೊಟ್ಟೆ.

ಅವನಿಗೆ ಇನ್ನೂ ಗೊತ್ತಿರಲಿಲ್ಲ. "ಭಾಭೀ, ಬಿಜಲಿ ಕಂಪನಿಯಲ್ಲಿ ನಿಮ್ಮವರು ಯಾರಿದ್ದಾರೆ? ಮೇನ್ ಚಾಲೂ ಆಗುತ್ತದೆ ಅಂತ ನಿಮಗೆ ಹೇಗೆ ತಿಳಿಯಿತು?" ಅಂತ ಹಿಂದಿಯಲ್ಲಿ ಕೇಳಿದ. ಇವರು ಸುಮ್ಮನಿರು ಅಂತ ಕಣ್ಣು ಮಾಡಿದರು. ನಾನು ಸುಮ್ಮನಿರಲಿಲ್ಲ. ಇನ್ನೊಂದು ಸಲ ಇದೇ ಮಾತು ಹೇಳಬೇಕಾಗಿ ಬಂದರೆ? ಆಗ ಅವನಿಗೆ ಅದು ಯಾವ ಬಿಜಲಿ ಅಂತ ಗೊತ್ತಿರಬೇಕು. ಅದು ಕರೆಂಟಲ್ಲ, ಬದಲಾಪುರದ ಸಿಡಿಲು ಅಂತ ಹೇಳಿದೆ.

ಪ್ರೀತಮ್ ನಗುತ್ತಾನೆ ಅಂದುಕೊಂಡಿದ್ದೆ. ಅವನು ಕಪ್ಪನ್ನು ಕೆಳಗಿಟ್ಟ.

"ಸಚ್ ಬೋಲೂಂ, ಭಾಭೀ? ಬಾದಲ್ ವಾಲೀ ಸಮಝ್ತಾ ತೋ ಫೋನ್ ವಾಪಸ್ ಥೈಲೇ ಮೇಂ ಡಾಲ್ ದೇತಾ."

ಮೋಡದ ಬಿಜಲಿ ಅಂತ ಗೊತ್ತಾಗಿದ್ದರೆ ಫೋನನ್ನು ಮತ್ತೆ ಚೀಲಕ್ಕೆ ಹಾಕುತ್ತಿದ್ದನಂತೆ. ಮೇಲಕ್ಕೆ ಕೂಗುತ್ತಲೇ ಇರಲಿಲ್ಲ. ಒಳ್ಳೆಯ ಹುಡುಗ, ಅದಕ್ಕೇ ಸುಳ್ಳು ಹೇಳಲಿಲ್ಲ. ಮಂಗಳವಾರ ಇವರು ಬದುಕಿದ್ದು ನನ್ನ ಮಾತು ಕೇಳಿ ಅಲ್ಲ, ನನ್ನ ಮಾತು ತಪ್ಪಾಗಿ ಕೇಳಿ. ಬಿಜಲಿ ಅನ್ನುವ ಬದಲು ತೂಫಾನ್ ಅಂದಿದ್ದರೆ? ಮೊದಲೆಲ್ಲ ತೂಫಾನ್ ಅಂತಲೇ ಅನ್ನುತ್ತಿದ್ದೆ.

ಮೇ 26, ಸೋಮವಾರ

ಇದನ್ನು ಟೆರೇಸಿನಲ್ಲಿ ನೀರಿನ ಟಾಕಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆಯಿಂದ ಪೂರ್ವ ಕಾಣುವುದಿಲ್ಲ. ಗುಡುಗು ಕೇಳಿದ ಕೂಡಲೇ ಇಳಿಯುತ್ತೇನೆ ಅಂತ ಬುಷರಾಗೆ ಮಾತು ಕೊಟ್ಟಿದ್ದೇನೆ.

ಇವತ್ತು ಹಳದಿ. ನಲವತ್ತು. ಇವರು ಸೈಟಿಗೆ ಹೋಗಿದ್ದಾರೆ. ಕಿತ್ತ ಪೈಪನ್ನು ಮತ್ತೆ ಬೆಸೆದಿದ್ದಾರಂತೆ.

ಬೆಳಿಗ್ಗೆ ಹೊರಡುವ ಮೊದಲು ಬುಷರಾಳ ಹಳೇ ಶಾಲೆಯ ಐಡಿ ಕಾರ್ಡಿನ ಪಟ್ಟಿ ಕೇಳಿ ತೆಗೆದುಕೊಂಡು, ಅದಕ್ಕೆ ಫೋನನ್ನು ಕಟ್ಟಿ, ಕೊರಳಿಗೆ ಹಾಕಿ ಅಂಗಿಯೊಳಗೆ ಇಳಿಬಿಟ್ಟರು. ಗುಂಡಿ ಹಾಕಿ ಎರಡು ಸಲ ಜಗ್ಗಿ ನೋಡಿದರು.

"ಇನ್ನ ಪ್ರೀತಮ್‌ಗೆ ಮಾಡಬ್ಯಾಡ. ನನಗ ಮಾಡು" ಅಂದರು.

"ಮಾಡಿದ್ರ ಇಳೀತೀರಿ?"

"ಇಳೀತೀನಿ."

"ಸೇಠ್?"

"ಸೇಠಗ ಇನ್ನೊಂದ್ ಗ್ಯಾಂಗ್ ಸಿಗತೈತಿ." ಬೂಟು ಹಾಕಿಕೊಂಡು ಹೋದರು.

ಇದನ್ನು ಕೇಳಬೇಕೆಂದು ತಿಂಗಳಿಡೀ ಒದ್ದಾಡಿದವಳು ನಾನು. ಈಗ ಕೇಳಿದ ಮೇಲೆ ಮೊದಲಿಗಿಂತ ಹೆಚ್ಚು ಹೆದರಿಕೆ. ಇವರು ನಗುತ್ತಿದ್ದಾಗ ನಾನು ಏನು ಬೇಕಾದರೂ ಹೇಳಬಹುದಿತ್ತು. ಈಗ ಹೇಳಿದರೆ ಇಳಿದುಬಿಡುತ್ತಾರೆ, ಹೇಳದಿದ್ದರೆ ಮೇಲೇ ಇರುತ್ತಾರೆ. ನಲವತ್ತು ಅಂದರೆ ಹತ್ತರಲ್ಲಿ ನಾಲ್ಕು. ಆ ನಾಲ್ಕು ಯಾವವು ಅಂತ ಇನ್ನು ನನ್ನನ್ನೇ ಕೇಳುತ್ತಾರೆ.

ಠಾಣೆಯ ಕಡೆ ಸ್ವಲ್ಪ ಮಬ್ಬಾಗಿದೆ. ಧೂಳೂ ಇರಬಹುದು.

ಶಬ್ರೀನಳ ಫೋನು ಬರುತ್ತಿದೆ.